ರೊಟ್ಟಿ ಬಡಿಯಲಾಗದ ಕಟ್ಟೆ

ನಮ್ಮ ಕಡೆ ಹೊಸದಾಗಿ ಕಟ್ಟಿಸಿದ, ಇಲ್ಲವೇ ದುಡ್ಡು ಸುರಿದು ರಿಪೇರಿ ಮಾಡಿಸಿದ ಮನೆಗಳಲ್ಲಿ ಈಗ ಎರಡೆರಡು ಅಡಿಗೆಮನೆಗಳು. ಒಂದು ತೋರಿಸಲಿಕ್ಕೆ, ಇನ್ನೊಂದು ಅಡಿಗೆ ಮಾಡಲಿಕ್ಕೆ. ತೋರಿಸುವ ಅಡಿಗೆಮನೆ ಪಡಸಾಲೆಯಿಂದಲೇ ಕಾಣುತ್ತದೆ. ಅದಕ್ಕೆ ಕನ್ನಡಿಯಂತೆ ಹೊಳೆಯುವ ಬಾಗಿಲುಗಳು, ಹಾಲಿನಂಥ ಬಿಳಿ ಕಟ್ಟೆ, ಮೇಲೆ ಹೊಗೆ ಎಳೆಯುವ ಚಿಮಣಿ. ಅಡಿಗೆ ಮಾಡುವ ಅಡಿಗೆಮನೆ ಹಿತ್ತಲಲ್ಲಿದೆ. ಅದಕ್ಕೆ ನಾಲ್ಕು ತಗಡು, ಒಂದು ಒಲೆ, ಒಂದು ಮಣೆ. ಮೊದಲನೆಯದಕ್ಕೆ ಮೂರು ಲಕ್ಷ ಖರ್ಚಾದರೆ ಎರಡನೆಯದಕ್ಕೆ ಮೂರು ಸಾವಿರವೂ ಆಗಿರುವುದಿಲ್ಲ. ಮನೆಯ ಹೆಣ್ಣುಮಗಳು ದಿನಾ ಮುಂಜಾನೆ ಎರಡು ತಾಸು ಇವೆರಡರಲ್ಲಿ ಎಲ್ಲಿ ಕಳೆಯುತ್ತಾಳೆ ಎಂದು ಕೇಳಿದರೆ, ಉತ್ತರ ನಿಮಗೂ ಗೊತ್ತು.

ನಾನು ಹೆಚ್ಚು ಮಾಡಿ ಹೇಳುತ್ತಿದ್ದೇನೆ ಅನ್ನಿಸಿದವರು ಮೂಡಲಗಿಗೆ ಒಮ್ಮೆ ಹೋಗಿ ಬರಬೇಕು. ಅದು ನನ್ನ ತವರು. ಗೋಕಾಕ ತಾಲೂಕಿನಿಂದ ಬೇರೆಯಾಗಿ ತಾನೇ ತಾಲೂಕಾದ ಮೇಲೆ ಊರಿನ ರೂಪ ಬದಲಾಗಿದೆ. ಕಬ್ಬಿನ ದುಡ್ಡು ಬಂದವರೂ, ನೌಕರಿಯವರೂ ಮನೆ ಎಬ್ಬಿಸುತ್ತಿದ್ದಾರೆ. ನನ್ನ ತಮ್ಮನೂ ಎಬ್ಬಿಸಿದ. ವಾಸ್ತುಶಾಂತಿಗೆ ಹೋದಾಗ ಅವನ ಅಡಿಗೆಮನೆ ನೋಡಿ ಬಂದವರೆಲ್ಲ ಬಾಯಿ ಮೇಲೆ ಬೆರಳಿಟ್ಟರು. ಆರು ತಿಂಗಳ ಮೇಲೆ ಮತ್ತೆ ಹೋದಾಗ ಅಡಿಗೆಮನೆ ಅಷ್ಟೇ ಚೊಕ್ಕಾಗಿತ್ತು, ಚೊಕ್ಕಾಗಿರಲು ಕಾರಣ ಮಾತ್ರ ಹಿತ್ತಲಲ್ಲಿ ಸಿಕ್ಕಿತು. ಏಪ್ರಿಲ್ ತಿಂಗಳ ಬಿಸಿಲು. ತಗಡಿನ ಕೆಳಗೆ ತಮ್ಮನ ಹೆಂಡತಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಳಗೇಕೆ ಮಾಡುವುದಿಲ್ಲ ಎಂದು ಕೇಳಿದೆ.

"ಅಲ್ಲಿ ರೊಟ್ಟಿ ಬಡದ್ರ ಬಾಗಲಾ ಎಲ್ಲಾ ಗಡಗಡ ನಡಗ್ತಾವ್ರಿ ಅಕ್ಕಾ. ಹಿಟ್ಟ ಸಂದ್ಯಾಗ ಹೋಗಿ ಕುಂದರತೈತಿ. ಕಟ್ಟಿ ನೋಡಿದ್ರ ಎತ್ತರ, ಕೈ ಎತ್ತಿ ಎತ್ತಿ ಭುಜಾ ಹಿಡಿತಾವು. ನನಗ ಇಲ್ಲೇ ಚಲೋ."

ಆ 'ಇಲ್ಲೇ ಚಲೋ' ಎಂಬ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವಳ ಮೇಲಿನ ಸಿಟ್ಟಲ್ಲ ಅದು. ಮನೆ ಕಟ್ಟಿಸುವಾಗ ದಿಕ್ಕು ಕೇಳಿದರು, ಬಾಗಿಲು ಕೂಡ್ರಿಸುವ ಮುಹೂರ್ತ ಕೇಳಿದರು, ಪೂಜಾ ಕೋಣೆಯ ಮೆಟ್ಟಿಲು ಎಷ್ಟಿರಬೇಕೆಂದು ಕೇಳಿದರು. ಕಟ್ಟೆಯ ಮುಂದೆ ಮೂವತ್ತು ವರ್ಷ ನಿಲ್ಲಬೇಕಾದವಳನ್ನು ಕರೆದು, "ನಿನ್ನ ಮೊಣಕೈ ನೆಲದಿಂದ ಎಷ್ಟು ಎತ್ತರ ಐತಿ?" ಎಂದು ಒಬ್ಬರೂ ಕೇಳಲಿಲ್ಲ.

ನಮ್ಮನ್ನು ಕೇಳುವುದು ಒಂದೇ ಒಂದು. ಬಣ್ಣ.

ಗೋಕಾಕದಲ್ಲಿ ನಮ್ಮ ಮನೆಯ ಅಡಿಗೆಮನೆ ಬದಲಿಸುವುದೆಂದು ನಿಶ್ಚಯವಾದಾಗ ನಾನೂ ನಮ್ಮ ಮನೆಯವರೂ ಒಂದು ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಬಲು ವಿನಯವಂತ. ಪೆಟ್ಟಿಗೆಯ ಹಲಗೆ ಯಾವುದು, ಚಾನೆಲ್ ಯಾವುದು, ಕಟ್ಟೆಯ ಆಳ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಎಂಬುದನ್ನೆಲ್ಲ 'ಸರ್' ಅವರಿಗೆ ಹೇಳಿದ. ಸರ್ ಅವರಿಗೆ ಚಹಾ ಮಾಡಲು ಬರುತ್ತದೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಮಾತ್ರ ನನ್ನನ್ನು ಕೇಳಬೇಕು. ಅವರು ಗಂಭೀರವಾಗಿ ತಲೆಯಾಡಿಸಿದರು. ಎಲ್ಲ ಮುಗಿದ ಮೇಲೆ ಹುಡುಗ ಬಣ್ಣಬಣ್ಣದ ತುಣುಕುಗಳ ಒಂದು ಗೊಂಚಲು ತಂದು ನನ್ನ ಕೈಯಲ್ಲಿಟ್ಟು, "ಬಾಗಿಲ ಕಲರ್ ಮೇಡಂ ಸೆಲೆಕ್ಟ್ ಮಾಡ್ಲಿ" ಎಂದ. ಸೀರೆಗೆ ಫಾಲ್ ಆರಿಸಿದ ಹಾಗೆ! ಅಡಿಗೆಮನೆ ನಿನ್ನ ರಾಜ್ಯ ಎಂದು ಹಾಡಿ ಹೊಗಳುವ ಈ ಮಂದಿ ರಾಣಿಗೆ ಬಿಟ್ಟುಕೊಟ್ಟ ಅಧಿಕಾರ ಇಷ್ಟು: ಕೆಂಪೋ, ಹಸಿರೋ, ಬೂದಿಯೋ.

ನಮ್ಮ ಗೋಕಾಕದ ಕಟ್ಟಿಗೆಯ ಹಣ್ಣುಗಳನ್ನು ನೀವು ನೋಡಿರುತ್ತೀರಿ. ಇಲ್ಲಿಯ ಚಿತ್ರಗಾರರ ಕೈಯಲ್ಲಿ ಬಾಳೆಹಣ್ಣು, ಪೇರಲ, ಬದನೆಕಾಯಿ ಎಂಥ ರೂಪ ತಾಳುತ್ತವೆಂದರೆ, ನಮ್ಮ ಮನೆಗೆ ಬಂದ ಮಗುವೊಂದು ಬಾಯಿಗೆ ಹಾಕಿ ಕಚ್ಚಿಯೇಬಿಟ್ಟಿತ್ತು. ಆ ಹಣ್ಣಿನ ಮೇಲೆ ನನಗೆ ಅಭಿಮಾನವಿದೆ. ಅದು ತನ್ನನ್ನು ತಿನ್ನು ಎಂದು ಎಂದೂ ಹೇಳುವುದಿಲ್ಲ. ಈ ಹೊಸ ಅಡಿಗೆಮನೆಗಳು ಹಾಗಲ್ಲ. ನೋಡಲಷ್ಟೇ ಮಾಡಿದ ವಸ್ತುವನ್ನು ಉಪಯೋಗದ ವಸ್ತು ಎಂದು ಮಾರುತ್ತಾರೆ.

ಕಟ್ಟೆಯ ಎತ್ತರದ ಮಾತಿಗೆ ಬರುತ್ತೇನೆ. ಹೆಚ್ಚಿನ ನೋವು ಅಲ್ಲೇ ಇರುವುದು. ಅಂಗಡಿಯ ಸಿದ್ಧ ಕಟ್ಟೆ 34ರಿಂದ 36 ಇಂಚು. ಅದರ ಮೇಲೆ ಗ್ಯಾಸ್ ಒಲೆ ಇನ್ನೊಂದು 5-6 ಇಂಚು. ಅಲ್ಲಿಗೆ ಹಂಚು ನೆಲದಿಂದ 40 ಇಂಚಿನ ಮೇಲಾಯಿತು. ನಮ್ಮ ದೇಶದ ಹೆಂಗಸಿನ ಸರಾಸರಿ ಎತ್ತರ ಐದಡಿ, ಅಂದರೆ 152 ಸೆಂಟಿಮೀಟರಿನ ಆಸುಪಾಸು. ಐದಡಿಯ ನನ್ನ ಮೊಣಕೈ ನೆಲದಿಂದ 37 ಇಂಚಿಗಿದೆ. ಹಂಚು ಮೊಣಕೈಗಿಂತ ಮೂರಿಂಚು ಮೇಲೆ! ಹದಿನೈದು ರೊಟ್ಟಿ ತಿರುವುವಷ್ಟರಲ್ಲಿ ಹೆಗಲು ಕಿವಿಗೆ ಬಂದು ಹತ್ತುತ್ತದೆ. ಇನ್ನು ಬಡಿಯುವ ಮಾತು ಕೇಳಬೇಡಿ. ಚಪಾತಿ ಲಟ್ಟಿಸಲು ಒತ್ತಿದರೆ ಸಾಕು, ಜೋಳದ ರೊಟ್ಟಿಗೆ ಮೇಲಿನಿಂದ ಅಂಗೈ ಬೀಳಬೇಕು. ಬಲ ಹಾಕುವ ಕೆಲಸಕ್ಕೆ ಕೈಯ ಕೆಳಗಿನ ಪಾಟು ಮೊಣಕೈಗಿಂತ ಏಳೆಂಟು ಇಂಚಾದರೂ ಕೆಳಗಿರಬೇಕು. ಇದನ್ನು ಯಾವ ಬಡಿಗನಾದರೂ ಹೇಳಿಯಾನು, ಅವನು ತನ್ನ ಹತ್ಯಾರಿನ ಮೇಜನ್ನು ಹಾಗೇ ಮಾಡಿಕೊಂಡಿರುತ್ತಾನೆ. ಕೊಣಮಿಗೆಯ ದಪ್ಪ ಕಳೆದರೆ ನನಗೆ ಬೇಕಾದ ಕಟ್ಟೆ 28 ಇಂಚು. ಪಾತ್ರೆ ತೊಳೆಯುವ ಸಿಂಕಿಗೆ ಮಾತ್ರ ಲೆಕ್ಕ ತಿರುವುಮುರುವು. ಅದರ ತಳ ಏಳೆಂಟು ಇಂಚು ಕೆಳಗಿರುವುದರಿಂದ ಅದರ ಅಂಚು ಎತ್ತರವಿದ್ದಷ್ಟೂ ಟೊಂಕಕ್ಕೆ ಸುಖ, ನನಗೆ 34.

ಅಂಗಡಿಯವರಿಗೆ ಇದನ್ನು ಹೇಳಿದೆ. "ಬಾಕ್ಸ್ ಫ್ಯಾಕ್ಟರಿಯಿಂದ ರೆಡಿ ಬರ್ತಾವ್ರಿ ಮೇಡಂ, ಅಷ್ಟ ತೆಳಗ ಮಾಡಾಕ ಬರೂದಿಲ್ಲ" ಎಂದರು. ಇಲ್ಲಿದೆ ನೋಡಿ ಗುಟ್ಟು. ಪೆಟ್ಟಿಗೆಯೇ ಸುಮಾರು 28 ಇಂಚು, ಅದರ ಕೆಳಗೆ ಕಾಲು, ಮೇಲೆ ಕಲ್ಲು. ಆ ಅಳತೆ ನಮಗಿಂತ ಎತ್ತರದ ಮಂದಿಯ ದೇಶದಲ್ಲಿ ಹುಟ್ಟಿತು; ಯಂತ್ರ ಆ ಅಳತೆಗೆ ನಿಂತುಬಿಟ್ಟಿದೆ. ಯಂತ್ರಕ್ಕೆ ಬಾಗಲು ಬರುವುದಿಲ್ಲವಾದ್ದರಿಂದ ಹೆಣ್ಣುಮಗಳು ಭುಜ ಎತ್ತಬೇಕು. ನಮ್ಮ ಗೌಂಡಿಗೂ ಅಡ್ಡಿಯಿತ್ತು, ಆದರೆ ಅವನದು ಪ್ರಾಮಾಣಿಕ ಅಡ್ಡಿ: "ಎರಡ ಲೆವಲ್ ಮಾಡಿದ್ರ ಚಂದ ಕಾಣೂದಿಲ್ರಿ ಅಕ್ಕಾರ." ಚಂದ ಯಾರಿಗೆ ಕಾಣಬೇಕಪ್ಪಾ ಎಂದೆ. ಅವನು ನಮ್ಮ ಮನೆಯವರ ಕಡೆ ನೋಡಿದ.

ಇಂಥ ಅಡಿಗೆಮನೆಗಳ ಮೂಲಪುರುಷ ಒಬ್ಬ ಹೆಂಗಸು ಎಂದರೆ ನಿಮಗೆ ಆಶ್ಚರ್ಯವಾದೀತು. 1926ರಲ್ಲಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗಾಗಿ ಒಂದು ಪುಟ್ಟ ಅಡಿಗೆಮನೆ ರೂಪಿಸಿದರು. ಅದೇ ಮಾದರಿಯವು ಸುಮಾರು ಹತ್ತು ಸಾವಿರ ಕಟ್ಟಿದರು. ತಾನು ಅಡಿಗೆ ಮಾಡಿದವಳೇ ಅಲ್ಲ ಎಂದು ಆಕೆ ಆಮೇಲೆ ಹೇಳಿಕೊಂಡದ್ದುಂಟು. ಆದರೆ ತಿಳಿಯದವರು ಮಾಡಬೇಕಾದ ಕೆಲಸವನ್ನು ಆಕೆ ಮಾಡಿದರು. ಕೆಲಸ ಮಾಡುವವಳು ಎಷ್ಟು ಹೆಜ್ಜೆ ಹಾಕುತ್ತಾಳೆ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು ನೋಡಿ ಕೈಗೆ ಸಿಗುವಲ್ಲಿ ಹಿಟ್ಟು ಬೇಳೆಗಳ ಡಬ್ಬಿ ಇಟ್ಟರು, ಕೂತು ಹೆಚ್ಚಲು ತಿರುಗುವ ಸ್ಟೂಲು ಕೊಟ್ಟರು. ಬಾಗಿಲಿಗೆ ನೀಲಿ ಬಣ್ಣ ಹಚ್ಚಿದ್ದಕ್ಕೂ ಒಂದು ಕಾರಣವಿತ್ತು: ನೀಲಿಗೆ ನೊಣ ಕೂಡುವುದಿಲ್ಲ ಎಂದು ಆಗ ನಂಬಿದ್ದರು. ನಮ್ಮವರು ಅಲ್ಲಿಂದ ಪೆಟ್ಟಿಗೆ ತಂದರು, ಬಾಗಿಲು ತಂದರು. ಅಳೆಯುವ ಟೇಪನ್ನು ಅಲ್ಲೇ ಬಿಟ್ಟು ಬಂದರು. ಆ ಸ್ಟೂಲನ್ನೂ.

ಈಗ ಬಾಗಿಲುಗಳ ಕಥೆ. ನಾವು ಅಡಿಗೆಮನೆ ಒರೆಸುವವರಲ್ಲ, ತೊಳೆಯುವವರು. ಅಮಾವಾಸ್ಯೆ ಬಂತು, ಹುಣ್ಣಿಮೆ ಬಂತು, ಶ್ರಾವಣ ಬಂತು ಎಂದರೆ ಬಕೆಟ್ಟು ನೀರು, ಕಸಬರಿಗೆ. ಇಂಥ ಮನೆಗೆ ಕಟ್ಟಿಗೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಯ ಪೆಟ್ಟಿಗೆ ತಂದು ಕೂಡ್ರಿಸಿದರೆ ಏನಾಗಬೇಕು? 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದೊಳಗೆ ಬಂದುವು. ಲೋಳಸೂರ ಸೇತುವೆ ಮುಳುಗಿತು. ಫಾಲ್ಸಿನಲ್ಲಿ 170 ಅಡಿ ಮೇಲಿನಿಂದ ಬೀಳುವ ನೀರನ್ನು ನಾವು ರೊಕ್ಕ ಕೊಟ್ಟು ನೋಡಲು ಬರುವವರಿಗೆ ತೋರಿಸುತ್ತೇವೆ. ಆ ನೀರೇ ನಮ್ಮನ್ನು ನೋಡಲು ಬಂದಿತ್ತು. ನೀರು ಇಳಿದ ಮೇಲೆ ನಮ್ಮ ಪರಿಚಯದವರ ಮನೆಗೆ ಕೆಸರು ಬಳಿಯಲು ಹೋಗಿದ್ದೆ. ಎರಡೇ ವರ್ಷದ ಹಿಂದೆ ಮಾಡಿಸಿದ್ದ ಅಡಿಗೆಮನೆ. ಚಹಾದಲ್ಲಿ ಅದ್ದಿದ ಟೋಸ್ಟಿನಂತೆ ಹಲಗೆಗಳು ಉಬ್ಬಿ, ಹೊಳೆಯುವ ಹಾಳೆ ಸುಲಿದು, ತಿರುಪಿನ ಸಮೇತ ಬಿಜಾಗರಿ ಕಿತ್ತು ಬಂದಿತ್ತು. ಪಕ್ಕದ ಹಳೆಯ ಮನೆಯಲ್ಲಿ ಇಟ್ಟಿಗೆಯ ಕಟ್ಟೆ, ಮೇಲಿನ ಫರಸಿ, ಗೋಡೆಯ ಮಾಡ ಎಲ್ಲ ಇದ್ದ ಹಾಗೇ ಇದ್ದುವು. ಮೂರು ಸಲ ತೊಳೆದರು, ನಾಲ್ಕನೆಯ ದಿನ ಒಲೆ ಹಚ್ಚಿದರು. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಚೆನ್ನಾದ ಚಿತ್ರ ನನಗೆ ಸಿಕ್ಕಿಲ್ಲ.

ಮಹಾಪೂರ ದಿನಾ ಬರುತ್ತದೆಯೇ ಎಂದು ಕೇಳುವಿರಿ. ಬೇಡ, ಸಿಂಕಿನ ಕೆಳಗಿನ ಪೈಪು ತೊಟ್ಟಿಕ್ಕಿದರೆ ಸಾಕು. "ವಾಟರ್ ಪ್ರೂಫ್ ಐತ್ರಿ" ಎನ್ನುವ ಮಾತನ್ನು ನಂಬಬೇಡಿ. ಹಲಗೆಯ ಮೇಲಿನ ಮುದ್ರೆ ಓದಿ. ಪ್ಲೈವುಡ್ ಆದರೆ ಐ.ಎಸ್. 303 ಎಂಬುದು ಸಾಮಾನ್ಯ ದರ್ಜೆ, ಅದರಲ್ಲೇ ಎಂ.ಆರ್. ಎಂದಿದ್ದರೆ ತೇವ ತಡೆಯುತ್ತದೆ ಎಂದಷ್ಟೇ ಅರ್ಥ, ನೀರಲ್ಲ. ಐ.ಎಸ್. 710 ಎಂದಿದ್ದರೆ ಅದು ಕುದಿಯುವ ನೀರಿನಲ್ಲಿ ಪರೀಕ್ಷೆಗೆ ನಿಲ್ಲಬೇಕಾದ ಮರೈನ್ ಪ್ಲೈ. ಬೆಲೆ ಹೆಚ್ಚು, ನಿಜ. ಆದರೆ ಹೊಳೆಯುವ ಅಕ್ರಿಲಿಕ್ ಹಾಳೆಗೆ ಕೊಡುವ ದುಡ್ಡನ್ನು ಒಳಗಿನ ಹಲಗೆಗೆ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ನೆಲಕ್ಕೆ ತಾಗುವ ಕೆಳಭಾಗಕ್ಕಂತೂ ನನ್ನ ಮಟ್ಟಿಗೆ ಹಲಗೆಯೇ ಬೇಡ. ಇಟ್ಟಿಗೆಯ ಗೋಡೆ, ನಡುವೆ ಸ್ಟೀಲಿನ ಟ್ರಾಲಿ. ಟ್ರಾಲಿಯ ಚಾನೆಲ್ಲು ಸಾಮಾನ್ಯವಾಗಿ 35-45 ಕಿಲೋ ತಡೆಯುತ್ತದೆ, ಆದ್ದರಿಂದ ಜೋಳದ ದೊಡ್ಡ ಡಬ್ಬಿ ಅದರಲ್ಲಿ ಬೇಡ, ನೆಲದ ಮೇಲೇ ಇರಲಿ. ಮೇಲಿನ ಕಪಾಟಿಗೆ ಬಾಗಿಲು ಬೇಕು, ನಮ್ಮ ಊರುಗಳ ಧೂಳು ಅಂಥದು. ಅದಕ್ಕೆ ಸಾದಾ ಸನ್‌ಮೈಕಾ ಸಾಕು, ಹೊಳಪಿಲ್ಲದ್ದು.

ಮತ್ತೆ ಹಿಡಿಕೆ. ಈಗ ಹಿಡಿಕೆ ಇಲ್ಲದ ಬಾಗಿಲುಗಳ ಕಾಲವಂತೆ. ಬಾಗಿಲ ಮೇಲಂಚಿನಲ್ಲಿ ಒಂದು ಸಂದು ಬಿಟ್ಟಿರುತ್ತಾರೆ, ಅದರಲ್ಲಿ ಬೆರಳು ತೂರಿಸಿ ಎಳೆಯಬೇಕು. ಹಿಟ್ಟಿನ ಕೈಯವರ ಗತಿ? ನಾಲ್ಕು ದಿನದಲ್ಲಿ ಆ ಸಂದು ಹಿಟ್ಟಿನ ಗೋಡೌನು, ಎಂಟನೆಯ ದಿನ ಜಿರಳೆಗಳ ವಾಸ್ತುಶಾಂತಿ. ಕಿರುಬೆರಳು ಸಿಕ್ಕಿಸಿ ಎಳೆಯಬಹುದಾದ ದಪ್ಪ ಹಿಡಿಕೆ ಹಾಕಿಸಿ ಎಂದದ್ದಕ್ಕೆ ಅಂಗಡಿಯ ಹುಡುಗ, "ಅದು ಓಲ್ಡ್ ಫ್ಯಾಶನ್ ಮೇಡಂ" ಎಂದ. ಹಸಿವೂ ಹಳೆಯ ಫ್ಯಾಶನ್ನೇ ತಮ್ಮಾ ಎಂದು ಬಂದೆ.

ಕಟ್ಟೆಯ ಕಲ್ಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಪ್ಪು ಕಡಪಾ ಅಗ್ಗ, ಆದರೆ ಅದು ಸುಣ್ಣದ ಕಲ್ಲಿನ ಜಾತಿ, ಶಾಬಾದಿಯೂ ಅಷ್ಟೇ. ನಿಂಬೆ, ಹುಣಸೆ, ಮಜ್ಜಿಗೆ ಬಿದ್ದಲ್ಲೆಲ್ಲ ಬಿಳಿ ಕಲೆ. ಅಡಿಗೆ ಇಡುವ ಫಳಿಗೆ ಆದೀತು, ಕಟ್ಟೆಯ ಮೇಲ್ಮೈಗೆ ಬೇಡ. ಇಳಕಲ್ಲು, ಕುಷ್ಟಗಿಗಳ ಗ್ರಾನೈಟು ನಮ್ಮ ಉತ್ತರ ಕರ್ನಾಟಕದ್ದೇ. ಬಿಸಿ ಹಂಚು ಇಟ್ಟರೂ ಅಂಜುವುದಿಲ್ಲ. ಕೆಳಗೆ ಇಟ್ಟಿಗೆಯ ಆಧಾರ ಕೊಟ್ಟರೆ ರೊಟ್ಟಿಯ ಪೆಟ್ಟಿಗೂ ಅಲುಗುವುದಿಲ್ಲ.

ಇದನ್ನು ಬಿಟ್ಟು ಈಗ ಎಲ್ಲರಿಗೂ ಬಿಳಿಯ ಕ್ವಾರ್ಟ್ಜ್ ಬೇಕಾಗಿದೆ. ಅದು ಅಗೆದು ತೆಗೆದ ಕಲ್ಲಲ್ಲ. ಕಲ್ಲಿನ ಪುಡಿಯನ್ನು ರಾಳದಲ್ಲಿ ಕೂಡಿಸಿ ಮಾಡಿದ್ದು. ಒಲೆಯಿಂದ ಇಳಿಸಿದ ಹಂಚು ಅದರ ಮೇಲಿಟ್ಟರೆ ರಾಳ ಸುಟ್ಟು ಹಳದಿ ಬೀಳುತ್ತದೆ, ಆ ಕಲೆ ಹೋಗುವುದಿಲ್ಲ. ಕಲೆ ಹೋಗಲಿ ಬಿಡಿ, ಅದನ್ನು ಕೊರೆಯುವಾಗ ಏಳುವ ಸಣ್ಣ ಧೂಳು ಪುಪ್ಪುಸಕ್ಕೆ ಹೊಕ್ಕು ಸಿಲಿಕೋಸಿಸ್ ತರುತ್ತದೆ. ಪ್ರಾಯದ ಕೆಲಸಗಾರರು ಉಸಿರು ಕಟ್ಟಿ ಸಾಯುವುದನ್ನು ಕಂಡು ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಅಂಥ ಕಲ್ಲನ್ನು ಮಾಡುವುದು, ಮಾರುವುದು, ಕೂಡ್ರಿಸುವುದು ಎಲ್ಲ ನಿಷೇಧಿಸಿತು. ಅಲ್ಲಿ ಬೇಡವಾದದ್ದು ನಮ್ಮ ಕಡೆಯ ಅಂಗಡಿಗಳಲ್ಲಿ 'ಲೇಟೆಸ್ಟ್'. ಗ್ರಾನೈಟಿನ ಧೂಳೂ ಒಳ್ಳೆಯದಲ್ಲ, ಅದರಲ್ಲೂ ಸಿಲಿಕಾ ಇದೆ, ಕ್ವಾರ್ಟ್ಜಿಗಿಂತ ಕಡಿಮೆ ಅಷ್ಟೇ. ನಮ್ಮ ಮನೆಯ ಮುಂದೆ ಇಪ್ಪತ್ತು ವರ್ಷದ ಹುಡುಗನೊಬ್ಬ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಒಣಕಲ್ಲು ಕೊರೆಯಲು ಕೂತಾಗ ನಾನು ಪೈಪು ಹಿಡಿದು ನೀರು ಬಿಡುತ್ತ ನಿಂತೆ. "ಮಿಷನ್ ಶಾಕ್ ಹೊಡಿತೈತ್ರಿ ಬಾಯಾರ" ಎಂದ. ಹಾಗಾದರೆ ನೀರು ಹಾಕಿ ಕೊರೆಯುವ ಯಂತ್ರವಿದ್ದಲ್ಲಿ ಕೊರೆಸಿಕೊಂಡು ತನ್ನಿ ಎಂದು ವಾಪಸು ಕಳಿಸಿದೆ. ಎರಡು ದಿನ ಕೆಲಸ ನಿಂತಿತು. ಮನೆಯಲ್ಲಿ ಸ್ವಲ್ಪ ಮುಖ ದಪ್ಪವಾದುವು. ಆಗಲಿ.

ಇಷ್ಟೆಲ್ಲ ಹೇಳಿದರೆ ಹುಕ್ಕೇರಿಯಲ್ಲಿರುವ ನಮ್ಮ ಅಕ್ಕ ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಅವಳು ನಿವೃತ್ತ ಶಿಕ್ಷಕಿ. 1969ರಷ್ಟು ಹಿಂದೆಯೇ ವಿದ್ಯುತ್ತಿಗಾಗಿ ತನ್ನದೇ ಸಹಕಾರ ಸಂಘ ಕಟ್ಟಿಕೊಂಡ ತಾಲೂಕಿನವಳಾದ್ದರಿಂದಲೋ ಏನೋ, ಯಂತ್ರಗಳ ಮೇಲೆ ಅವಳಿಗೆ ಭರವಸೆ ಜಾಸ್ತಿ. "ನೀ ಏನ್ ಹೇಳಾಕ ಹತ್ತೀ? ಹೆಣ್ಮಕ್ಕಳು ಇನ್ನೂ ರೊಟ್ಟೀನ ಬಡಕೋತ ಕುಂದರಬೇಕೇನು? ಅಂಗಡ್ಯಾಗ ಸಿಗ್ತಾವು, ತಂದ ತಿನ್ನವಲ್ಲರ್ಯಾಕ" ಎನ್ನುತ್ತಾಳೆ. ಇದು ಹಗುರವಾದ ಮಾತಲ್ಲ. ನೌಕರಿಗೆ ಹೋಗುವ ಹೆಣ್ಣುಮಕ್ಕಳು ರೊಟ್ಟಿ ಕೊಂಡು ತಿಂದರೆ ನನಗೆ ಸಂತೋಷವೇ. ಗಂಡಸರು ಬಡಿದರೆ ಇನ್ನೂ ಸಂತೋಷ. ಎತ್ತರದ ಕಟ್ಟೆ ಅವರಿಗೆ ಸರಿಯಾಗಿಯೇ ಹೊಂದುತ್ತದೆ. ಆದರೆ ಅಂಗಡಿಯ ರೊಟ್ಟಿ ಆಕಾಶದಿಂದ ಉದುರುವುದಿಲ್ಲವಲ್ಲ. ಅಕ್ಕನಿಗೆ ರೊಟ್ಟಿ ಕೊಡುವವಳು ಅವಳ ಓಣಿಯ ಹಿಂದೆಯೇ ಇದ್ದಾಳೆ. ದಿನಕ್ಕೆ ನೂರೈವತ್ತು ರೊಟ್ಟಿ. ಮೊದಲು ನೆಲದ ಮೇಲೆ ಕೂತೇ ಮಾಡುತ್ತಿದ್ದಳು, ಮೊಣಕಾಲು ಮಡಿಚಲು ಬಾರದಂತಾದ ಮೇಲೆ ನಿಂತು ಮಾಡಲು ಕಟ್ಟೆ ಕಟ್ಟಿಸಿದಳು. ಅವಳಿಗೆ ಯಾವ ಶೋರೂಮಿನ ಹುಡುಗನೂ ಚಿತ್ರ ತೋರಿಸಲಿಲ್ಲ. ಬರಿಗಾಲಲ್ಲಿ ನಿಂತು, ಗೌಂಡಿಗೆ ತನ್ನ ಟೊಂಕ ತೋರಿಸಿ, "ಇಲ್ಲಿಗಿಂತ ನಾಕ ಬಟ್ಟ ತೆಳಗ ಇರ್ಲಿ" ಎಂದಳಂತೆ. ಬಾಗಿಲಿಲ್ಲ, ಕಲ್ಲಿಗೆ ಪಾಲಿಶ್ ಕೂಡ ಇಲ್ಲ. ಹೋಗಿ ನಿಂತು ನೋಡಿದೆ. ನಾನು ಈವರೆಗೆ ಕಂಡ ಎಲ್ಲ ಕಟ್ಟೆಗಳಲ್ಲಿ ಅದೇ ಒಂದು ಅಳತೆಗೆ ಹೊಲಿಸಿದ ಕುಪ್ಪಸದಂತಿದೆ.

ಅಕ್ಕನ ವಾದಕ್ಕೆ ಇನ್ನೂ ಒಂದು ಉತ್ತರವಿದೆ. ರೊಟ್ಟಿಯನ್ನೇ ಬಿಟ್ಟರೂ ಮೊಣಕೈಯನ್ನು ಬಿಡಲಾಗುತ್ತದೆಯೇ? ಪಲ್ಯ ತಿರುವಬೇಕು, ಹಾಲು ಇಳಿಸಬೇಕು, ಕುಕ್ಕರ್ ಎತ್ತಬೇಕು. ಎತ್ತರದ ಒಲೆಯ ಮೇಲಿನ ಕುದಿಯುವ ಪಾತ್ರೆಯೊಳಗೆ ಏನಿದೆ ಎಂದು ತುದಿಗಾಲಲ್ಲಿ ನಿಂತು ಇಣುಕಬೇಕಾದರೆ ಅದು ಯಾವ ಸುಧಾರಣೆ? ಕಲ್ಲಿನೊಳಗೆ ಕೊರೆದು ಕೂಡ್ರಿಸುವ ಒಲೆಗಳಿಂದ ಎತ್ತರವೇನೋ ತಗ್ಗುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಕೊರೆದ ಮೂಲೆಯಲ್ಲಿ ಕಲ್ಲು ಸೀಳುವ ಭಯವಿದೆ, ಗಾಜಿನ ಮೇಲೆ ನಮ್ಮ ಕಬ್ಬಿಣದ ಹಂಚು ಎಳೆದಾಡಲು ಮನಸ್ಸೂ ಬರುವುದಿಲ್ಲ.

ಕೊನೆಗೆ ಆ ಗೌಂಡಿಯೇ ನಮ್ಮಲ್ಲಿ ಎರಡು ಎತ್ತರದ ಕಟ್ಟೆ ಕಟ್ಟಿದ. ಬರುವವರು ಮೊದಲು ಆ ಮೆಟ್ಟಿಲನ್ನೇ ನೋಡುತ್ತಾರೆ, ಆಮೇಲೆ ನಮ್ಮ ಮನೆಯವರ ಮುಖ ನೋಡುತ್ತಾರೆ. ಅವರು, "ಅದು ಅವರ ಡಿಸೈನ್" ಎಂದು ಕೈ ತೋರಿಸಿ ಪಾರಾಗುತ್ತಾರೆ. ತಮ್ಮನ ಹೆಂಡತಿ ಬಂದಾಗ ಏನೂ ಹೇಳಲಿಲ್ಲ. ಹಿಟ್ಟು ಕಲಸಿ ಒಂದಾದ ಮೇಲೊಂದು ಇಪ್ಪತ್ತು ರೊಟ್ಟಿ ಬಡಿದಳು. ಊರಿಗೆ ಹೋಗುವ ಮುಂದೆ ಮಗನ ಶಾಲೆಯ ಟೇಪು ಹಿಡಿದು ನೆಲದಿಂದ ಕಟ್ಟೆಯವರೆಗೆ ಅಳೆದುಕೊಂಡು ಹೋದಳು. ಮೂರು ಲಕ್ಷ ಸುರಿದ ಮೇಲೆ ತಮ್ಮ ಅದನ್ನು ಒಡೆಯಲು ಒಪ್ಪುತ್ತಾನೋ ಇಲ್ಲವೋ, ಅದು ಅವರಿಬ್ಬರ ಜಗಳ. ನಾನು ಅವಳ ಕಡೆ.

ಅಂಗಡಿಯವರಿಗೆ ನನ್ನದೊಂದು ಬೇಡಿಕೆಯಿದೆ, ಹೋಗಿ ಹೇಳಿಯೂ ಬಂದಿದ್ದೇನೆ. ಚಪ್ಪಲಿ ಕೊಳ್ಳುವಾಗ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯುತ್ತೇವೆ. ಸೀರೆಯನ್ನು ಹೆಗಲ ಮೇಲೆ ಹೊದ್ದು ಕನ್ನಡಿ ನೋಡುತ್ತೇವೆ. ಹತ್ತು ರೂಪಾಯಿಯ ಕಲ್ಲಂಗಡಿ ಹೋಳು ತಗೊಳ್ಳುವಾಗಲೂ ಒಂದು ಚೂರು ಕೊಯ್ದು ಬಾಯಿಗೆ ಕೊಡುತ್ತಾರೆ. ಮೂರು ಲಕ್ಷದ ಅಡಿಗೆಮನೆಯನ್ನು ಮಾತ್ರ ಚಿತ್ರ ನೋಡಿ ಕೊಳ್ಳಬೇಕೆ? ನಿಮ್ಮ ಶೋರೂಮಿನ ಕಟ್ಟೆಯ ಮೇಲೆ ಒಂದು ಕೊಣಮಿಗೆ ಇಡಿ, ಒಂದು ಒಲೆ ಹಚ್ಚಿಡಿ, ಒಂದು ಸೇರು ಜೋಳದ ಹಿಟ್ಟು ಇಡಿ. ಬಂದ ಹೆಣ್ಣುಮಗಳು ನಾಲ್ಕು ರೊಟ್ಟಿ ಬಡಿದು ನೋಡಲಿ ಎಂದೆ.

"ಶೋರೂಮ್ ತುಂಬ ಹಿಟ್ಟಾಗತೈತ್ರಿ ಮೇಡಂ" ಎಂದು ಹುಡುಗ ಗಾಬರಿಯಾದ.